ಮೇವು ಮತ್ತು ರುಚಿ

ವಿಜಯನಗರ, ಬಸವೇಶ್ವರನಗರಗಳ ಮಾಂಸದಂಗಡಿಗಳಲ್ಲಿ 'ಬನ್ನೂರು ಕುರಿ' ಎಂಬ ಹೆಸರಿಗೆ ಇರುವ ಗೌರವವನ್ನು ಕಂಡಾಗಲೆಲ್ಲ ನನಗೊಂದು ಪ್ರಶ್ನೆ ಏಳುತ್ತದೆ. ಮಾಂಸದ ರುಚಿ ಪ್ರಾಣಿಯ ತಳಿಯಿಂದ ಬಂದದ್ದೋ, ಅದು ಮೇದ ಮೇವಿನಿಂದ ಬಂದದ್ದೋ?

ಪ್ರಶ್ನೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ' (ಕ್ರಿ.ಶ. 1129) ಮಾಂಸದ ಅಡುಗೆಯ ಬಗೆಗಳನ್ನು ಬಲು ಆಸಕ್ತಿಯಿಂದ ವಿವರಿಸುತ್ತದೆ. ಅದಕ್ಕಿಂತ ಎಷ್ಟೋ ಶತಮಾನ ಹಿಂದಿನ 'ಚರಕಸಂಹಿತೆ' ಅಡುಗೆಮನೆಯನ್ನು ದಾಟಿ ಹುಲ್ಲುಗಾವಲಿಗೇ ಹೋಗುತ್ತದೆ. ಆಹಾರದ ಗುಣವನ್ನು ಪರೀಕ್ಷಿಸುವವನು ಮೊದಲು 'ಚರ'ವನ್ನು ನೋಡಬೇಕು, ಎಂದರೆ ಪ್ರಾಣಿ ಎಲ್ಲಿ ಸಂಚರಿಸಿತು, ಏನನ್ನು ತಿಂದಿತು ಎಂಬುದನ್ನು ತಿಳಿಯಬೇಕು ಎಂಬುದು ಅದರ ಮತ. ಆಡುಕುರಿಗಳು ಒಣನೆಲ, ಜೌಗುನೆಲ ಎರಡರಲ್ಲಿಯೂ ಮೇಯುವುದರಿಂದ ಅವನ್ನು ಒಂದೇ ವರ್ಗಕ್ಕೆ ಸೇರಿಸಲಾಗದೆಂದೂ ಅದು ಗುರುತಿಸಿದೆ.

ಇಂದಿನ ವಿಜ್ಞಾನವೂ ಮೇವಿನ ಪಾತ್ರವನ್ನು ಒಪ್ಪುತ್ತದೆ. ಹಂದಿ ತಿಂದ ಕೊಬ್ಬಿನ ಗುಣ ಬಹುಮಟ್ಟಿಗೆ ಹಾಗೆಯೇ ಅದರ ಮೈಗೂಡುತ್ತದೆ. ಮೆಲುಕು ಹಾಕುವ ಕುರಿಯಲ್ಲಿ ಹಾಗಲ್ಲ; ಹೊಟ್ಟೆಯೊಳಗಿನ ಸೂಕ್ಷ್ಮಜೀವಿಗಳು ಮೇವನ್ನು ಮೊದಲು ಮಾರ್ಪಡಿಸುತ್ತವೆ. ಎಳೆಯ ಹಸಿರು ಹುಲ್ಲನ್ನು ಮೇದಾಗ ಅಲ್ಲಿ ಸ್ಕ್ಯಾಟೋಲ್ ಎಂಬ ವಸ್ತು ಹೆಚ್ಚಾಗಿ ಹುಟ್ಟಿ, ಕೊಬ್ಬಿನಲ್ಲಿ ನೆಲೆಸಿ, ಬೆಂದಾಗ ಹುಲ್ಲುಗಾವಲಿನ ವಿಶಿಷ್ಟ ವಾಸನೆಯನ್ನು ಕೊಡುತ್ತದೆ. ಧಾನ್ಯ ತಿಂದು ಬೆಳೆದ ಕುರಿಯ ವಾಸನೆಯೇ ಬೇರೆ.

ಬನ್ನೂರು ಕುರಿಯ ತವರು ಮಳವಳ್ಳಿ ತಾಲ್ಲೂಕಿನ ಬಂಡೂರು ಮತ್ತು ಅದರ ಸುತ್ತಿನ ಹಳ್ಳಿಗಳು. ಮಂಡ್ಯ ಕುರಿಯೆಂಬ ಹೆಸರೂ ಇದಕ್ಕುಂಟು. ಗಿಡ್ಡ ಕಾಲು, ತುಂಬಿದ ಮೈ ತಳಿಯ ಕೊಡುಗೆ. ರುಚಿಯಲ್ಲಿ ಮೇವಿಗೂ ಪಾಲಿದೆ. ತಳಿಯ ಹಿತವನ್ನು ನೋಡಲು ಮಳವಳ್ಳಿಯ ಬಳಿಯ ಧನಗೂರಿನಲ್ಲಿ ಸರ್ಕಾರದ ಕುರಿ ಸಂವರ್ಧನಾ ಕೇಂದ್ರವಿದೆ. ಮೇವಿನ ಹಿತವನ್ನು ನೋಡುವವರು ಯಾರು?

ನಮ್ಮ ಹಿರಿಯರು ಇದಕ್ಕೊಂದು ವ್ಯವಸ್ಥೆ ಮಾಡಿದ್ದರು. ಗೋಮಾಳ, ಹುಲ್ಲುಬನ್ನಿ ಎಂಬ ಮಾತುಗಳು ಹಳೆಯ ಮೈಸೂರಿನ ಕಂದಾಯದ ಕಡತಗಳಲ್ಲಿ ಇಂದಿಗೂ ಸಿಗುತ್ತವೆ. ಊರಿನ ದನಕುರಿಗಳ ಮೇವಿಗೆಂದು ಬಿಟ್ಟ ನೆಲಗಳವು. ನಗರ ಪಶ್ಚಿಮಕ್ಕೆ ಚಾಚಿದಂತೆ ಕೆಂಗೇರಿಯ ಕಡೆ ಇಂಥ ನೆಲ ನಿವೇಶನಗಳಾಗಿ ಕರಗಿರುವುದನ್ನು ನಾವೇ ಕಂಡಿದ್ದೇವೆ. ನೆಲ ಹೋದ ಮೇಲೂ ಕುರಿ ಕೊಟ್ಟಿಗೆಯಲ್ಲಿ ಹಿಂಡಿ ತಿಂದು ಕೊಬ್ಬಬಹುದು, ತಳಿಯ ಹೆಸರೂ ಉಳಿಯಬಹುದು. ಆದರೆ ಬಯಲಿನ ಹುಲ್ಲು ಕೊಟ್ಟ ರುಚಿ ಉಳಿಯದು. ಅದು ಬೇಕೆನ್ನುವವರು ಕುರಿಯ ಜೊತೆಗೆ ಅದು ಮೇಯುವ ನೆಲವನ್ನೂ ಕಾಪಾಡಬೇಕಾಗುತ್ತದೆ.