ಕೋಲ್ಕತ್ತದ ಹೆಸರು, ಸೆಕ್ಟರ್ ಫೈವ್‌ನ ಹೊಣೆ

ಕೋಲ್ಕತ್ತದ ಸಾಲ್ಟ್ ಲೇಕ್‌ನಲ್ಲಿ ಬಸ್ ಕಂಡಕ್ಟರ್‌ಗಳು ಕೂಗುವ ಸ್ಟಾಪುಗಳಲ್ಲಿ ಕರುಣಾಮಯಿ, ಕಾಲೇಜ್ ಮೋಡ್ ಇದ್ದಂತೆ ‘ವಿಪ್ರೋ’ ಕೂಡ ಇದೆ. ಬೆಂಗಳೂರಿನ ಕಂಪನಿಯೊಂದರ ಹೆಸರು ಅಲ್ಲಿ ದಾರಿ ಹೇಳುವ ಗುರುತಾಗಿದೆ. ಒಂದು ಕಾಲಕ್ಕೆ ಕಂಪ್ಯೂಟರನ್ನೇ ಒಳಗೆ ಬಿಡದ ನಗರವದು.

1960ರ ದಶಕದಲ್ಲಿ ಎಲ್‌ಐಸಿ ತನ್ನ ಕಲ್ಕತ್ತಾ ಕಚೇರಿಗೆ ಕಂಪ್ಯೂಟರ್ ತರಲು ಹೊರಟಿತು. ನೌಕರರು ಇಲಾಕೊ ಹೌಸ್ ಎಂಬ ಕಟ್ಟಡಕ್ಕೆ ಹಗಲು ರಾತ್ರಿ ಕಾವಲು ಕೂತು ಯಂತ್ರ ಒಳಬಾರದಂತೆ ನೋಡಿಕೊಂಡರು. ಕೆಲಸ ಹೋದೀತೆಂಬ ಅವರ ಅಂಜಿಕೆ ನಿಜವಾದದ್ದೇ. ಅದನ್ನು ಹಗುರವಾಗಿ ಕಾಣುವುದು ಅನ್ಯಾಯ. ಆದರೆ 1967ರ ಸಂಯುಕ್ತ ರಂಗ ಸರ್ಕಾರದ ಕಾಲದ ಘೇರಾವ್‌ಗಳೂ ಸೇರಿ, ಇಲ್ಲಿ ಉದ್ಯಮ ನಡೆಸುವುದು ಕಷ್ಟ ಎಂಬ ಮಾತು ದೇಶದ ತುಂಬ ಹರಡಿತು. ಒಮ್ಮೆ ಅಂಟಿದ ಆ ಹೆಸರು ಬೇಗ ಬಿಡಲಿಲ್ಲ.

ಅದನ್ನು ತೊಳೆಯುವ ಕೆಲಸ ನಡೆದದ್ದು ಜೌಗು ನೆಲದಲ್ಲಿ. ಪಶ್ಚಿಮ ಬಂಗಾಳದ ಮುಖ್ಯಮಂತ್ರಿಯಾಗಿದ್ದ ಬಿಧಾನ್ ಚಂದ್ರ ರಾಯ್ ಅವರ ಕನಸಿನಂತೆ, ಹೂಗ್ಲಿ ನದಿಯ ಹೂಳನ್ನು ಕೊಳವೆಗಳಲ್ಲಿ ಹರಿಸಿ ಉಪ್ಪುನೀರಿನ ತಗ್ಗನ್ನು ತುಂಬಿದ ಮೇಲೆ ಎದ್ದ ಊರು ಸಾಲ್ಟ್ ಲೇಕ್. ನಕ್ಷೆ ಬರೆದವರು ಯುಗೊಸ್ಲಾವಿಯಾದ ದೊಬ್ರಿವೊಯೆ ತೋಶ್ಕೊವಿಚ್. ಊರಿನ ಐದನೇ ಸೆಕ್ಟರನ್ನು, ಅಂದರೆ ಸೆಕ್ಟರ್ ಫೈವನ್ನು, ಕೈಗಾರಿಕೆಗೆ ಬಿಟ್ಟರು. ರಾಜ್ಯ ಸರ್ಕಾರದ ವೆಬೆಲ್ ಸಂಸ್ಥೆ ಅಲ್ಲಿ ಎಲೆಕ್ಟ್ರಾನಿಕ್ಸ್ ಘಟಕಗಳಿಗೆ ನೆಲೆ ಒದಗಿಸಿತು. ಸಾಫ್ಟ್‌ವೇರ್ ಕಂಪನಿಗಳು ಆಮೇಲೆ ಬಂದವು.

2000ದಲ್ಲಿ ಮುಖ್ಯಮಂತ್ರಿಯಾದ ಬುದ್ಧದೇವ್ ಭಟ್ಟಾಚಾರ್ಯ ಈ ಸೆಕ್ಟರನ್ನೇ ರಾಜ್ಯದ ಹೊಸ ಮುಖವಾಗಿ ತೋರಿಸಿದರು. ಐಟಿಯನ್ನು ಸಾರ್ವಜನಿಕ ಉಪಯುಕ್ತ ಸೇವೆ ಎಂದು ಸಾರಿ, ಬಂದ್ ಇದ್ದರೂ ಕೆಲಸ ನಿಲ್ಲದು ಎಂಬ ಭರವಸೆ ಕೊಟ್ಟದ್ದು ಅವರ ಸರ್ಕಾರ. ಭರವಸೆಯ ಪರೀಕ್ಷೆ ನಡೆಯುತ್ತಿದ್ದುದು ರಸ್ತೆಯಲ್ಲಿ. ಬಂದ್‌ಗೆ ಮುನ್ನಾ ದಿನವೇ ಕಂಪನಿಗಳು ನೌಕರರನ್ನು ಕಚೇರಿಯಲ್ಲಿ ಉಳಿಸಿಕೊಂಡು, ಊಟಕ್ಕೂ ಮಲಗುವುದಕ್ಕೂ ಅಲ್ಲೇ ಏರ್ಪಾಡು ಮಾಡುತ್ತಿದ್ದವು. ವಿದೇಶದ ಗ್ರಾಹಕನಿಗೆ ಬೇಕಾಗಿದ್ದುದು ಮರುದಿನ ಬೆಳಿಗ್ಗೆ ಫೋನ್ ಎತ್ತುವ ಒಬ್ಬ ಮನುಷ್ಯ. ಆ ರಾತ್ರಿಗಳನ್ನು ಮೇಜುಗಳ ಪಕ್ಕದಲ್ಲಿ ಕಳೆದ ಹುಡುಗ ಹುಡುಗಿಯರು ಕೋಲ್ಕತ್ತದ ಹೆಸರಿಗೆ ಮಾಡಿದಷ್ಟು ಕೆಲಸವನ್ನು ಯಾವ ಜಾಹೀರಾತೂ ಮಾಡಿಲ್ಲ.

2008ರ ಆಗಸ್ಟ್‌ನಲ್ಲಿ ಬುದ್ಧದೇವ್ ಉದ್ಯಮಿಗಳ ಸಭೆಯಲ್ಲಿ ತಾನು ಬಂದ್‌ಗೆ ವಿರೋಧಿ ಎಂದು ಬಹಿರಂಗವಾಗಿ ಹೇಳಿದರು. ಅವರ ಎಡಪಕ್ಷಕ್ಕೇ ಇರಿಸುಮುರಿಸಾಯಿತು. ಅಕ್ಟೋಬರ್ 3ರಂದು ಟಾಟಾ ಕಂಪನಿ, ಜಮೀನಿಗಾಗಿ ರೈತರು ಹೋರಾಡುತ್ತಿದ್ದ ಸಿಂಗೂರಿನಿಂದ ನ್ಯಾನೊ ಕಾರಿನ ಕಾರ್ಖಾನೆ ಎತ್ತಿಕೊಂಡು ಹೊರಟಿತು. ಧಾರವಾಡದ ಬಳಿ ಜಾಗ ಕೊಡುತ್ತೇವೆಂದು ಕರ್ನಾಟಕವೂ ಮುಂದಾಗಿತ್ತು. ಕಾರ್ಖಾನೆ ಹೋದದ್ದು ಗುಜರಾತಿನ ಸಾಣಂದ್‌ಗೆ. ಸಿಂಗೂರಿನ ರೈತರ ಜಮೀನಿನ ಅಳಲು ಪ್ರಚಾರದಿಂದ ಮುಚ್ಚಿಹಾಕುವಂಥದ್ದಲ್ಲ, ಮುಚ್ಚಿಹಾಕಲೂಬಾರದು. ಆದರೂ ಸೆಕ್ಟರ್ ಫೈವ್ ಕದಲಲಿಲ್ಲ. 2020ರ ಫೆಬ್ರವರಿಯಲ್ಲಿ ಹೊಸ ಮಾರ್ಗದ ಮೆಟ್ರೊ ರೈಲೂ ಅಲ್ಲಿಂದಲೇ ಹೊರಟಿತು.

ಈಗ ಹೆಸರು ಕೆಡುವುದು ಆನ್‌ಲೈನ್‌ನಲ್ಲಿ. ಸಾಲ್ಟ್ ಲೇಕ್‌ನ ಬಾಡಿಗೆ ಕಚೇರಿಗಳಲ್ಲಿ ನಕಲಿ ಕಾಲ್ ಸೆಂಟರ್‌ಗಳು ಹುಟ್ಟಿಕೊಂಡವು. ನಿಮ್ಮ ಕಂಪ್ಯೂಟರಿಗೆ ವೈರಸ್ ಬಂದಿದೆ ಎಂದು ಹೆಸರಾಂತ ಕಂಪನಿಗಳ ಹೆಸರಿನಲ್ಲಿ ಹೆದರಿಸಿ, ವಿದೇಶದ ಹಿರಿಯರ ಹಣ ದೋಚುವುದು ಅವುಗಳ ಕಸುಬು. 2022ರಲ್ಲಿ ಅಮೆರಿಕದ ಯೂಟ್ಯೂಬರ್ ಮಾರ್ಕ್ ರೋಬರ್ ಕೋಲ್ಕತ್ತದ ಇಂಥ ಕಾಲ್ ಸೆಂಟರ್‌ಗಳ ಒಳಗನ್ನು ವಿಡಿಯೊದಲ್ಲಿ ಬಯಲಿಗಿಟ್ಟರು. ಜಗತ್ತಿನಾದ್ಯಂತ ಕೋಟ್ಯಂತರ ಜನ ಅದನ್ನು ನೋಡಿದರು. ಹತ್ತಾರು ವರ್ಷ ದುಡಿದು ಗಳಿಸಿದ ವಿಶ್ವಾಸಕ್ಕೆ ಬಿದ್ದ ಪೆಟ್ಟು ಇದು. ಇದಕ್ಕೆ ಒಳ್ಳೆಯ ಸುದ್ದಿಗಳನ್ನು ಹರಿಬಿಡುವುದು ಉತ್ತರವಲ್ಲ. ಸಾಲ್ಟ್ ಲೇಕ್‌ನ ಹೊಣೆ ಹೊತ್ತ ಬಿಧಾನ್‌ನಗರ ಪೊಲೀಸರು ದಾಳಿ ನಡೆಸುತ್ತ ಬಂದಿದ್ದಾರೆ. ಅದು ಬಿಡುವಿಲ್ಲದೆ ನಡೆಯಬೇಕು, ಕಟ್ಟಡಗಳ ಮಾಲೀಕರು ತಮ್ಮ ಬಾಡಿಗೆದಾರ ಯಾರೆಂದು ವಿಚಾರಿಸಬೇಕು, ಪ್ರಾಮಾಣಿಕವಾಗಿ ದುಡಿಯುವ ಕಂಪನಿಗಳು ಮೌನ ಮುರಿದು ದೂರು ಕೊಡಬೇಕು.