ದೂರಗ್ರಾಹಿ ಮಸೂರದ ಚರಿತ್ರೆ

ಸಂಸ್ಕೃತದಲ್ಲಿ ಮಸೂರವೆಂದರೆ ಚನ್ನಂಗಿ ಬೇಳೆಯ ಕಾಳು. ಲ್ಯಾಟಿನ್ ಭಾಷೆಯ ಲೆನ್ಸ್ ಎಂಬ ಶಬ್ದಕ್ಕೂ ಅದೇ ಅರ್ಥವು. ನಡುವೆ ಉಬ್ಬಿ ಅಂಚಿನಲ್ಲಿ ತೆಳ್ಳಗಾಗುವ ಗಾಜಿನ ಬಿಲ್ಲೆಯು ಆ ಕಾಳನ್ನು ಹೋಲುವುದರಿಂದ ಐರೋಪ್ಯ ಪಂಡಿತರು ಅದಕ್ಕೆ ಆ ಹೆಸರನ್ನಿಟ್ಟರು. ಕನ್ನಡದ ಶಾಸ್ತ್ರಲೇಖಕರು ಅದನ್ನೇ ಮಸೂರವೆಂದು ಕರೆದರು. ಇಷ್ಟು ಅಲ್ಪವಾದ ಕಾಳಿನ ಹೆಸರನ್ನು ಹೊತ್ತ ವಸ್ತುವಿನ ಒಂದು ಜಾತಿಯು ಇಂದು ಗೇಣುದ್ದವನ್ನು ಮೀರಿ ಬೆಳೆದು, ಸೇರುಗಟ್ಟಲೆ ತೂಗಿ, ಮಧ್ಯಮ ತರಗತಿಯ ಗೃಹಸ್ಥನ ತಿಂಗಳುಗಟ್ಟಲೆಯ ಸಂಪಾದನೆಯನ್ನು ನುಂಗುವಷ್ಟಾಗಿದೆ. ದೂರದ ಹಕ್ಕಿಯನ್ನೂ ಗೋಪುರದ ತುದಿಯ ಶಿಲ್ಪವನ್ನೂ ಹತ್ತಿರಕ್ಕೆ ತಂದು ಚಿತ್ರಿಸುವ ಟೆಲಿಫೋಟೋ ಜೂಮ್ ಮಸೂರವೇ ಅದು. ಇಂಥ ಹತ್ತಾರು ಮಸೂರಗಳ ಮುಂದೆ ನಿಂತ ಹವ್ಯಾಸಿ ಛಾಯಾಗ್ರಾಹಕನಿಗೆ ಯಾವುದನ್ನು ಆರಿಸಬೇಕೆಂಬ ಶಂಕೆಯುಂಟಾಗುವುದು ಸಹಜವೇ. ಆ ಶಂಕೆಗೆ ಸಮಾಧಾನವು ಬೆಲೆಪಟ್ಟಿಯಲ್ಲಿ ದೊರೆಯುವುದಕ್ಕಿಂತ ಹೆಚ್ಚಾಗಿ ಆ ಮಸೂರದ ಚರಿತ್ರೆಯಲ್ಲಿ ದೊರೆಯುತ್ತದೆ.

ಮೊದಲು ಮೂಲತತ್ತ್ವವನ್ನು ತಿಳಿಯಬೇಕು. ದೂರದ ವಸ್ತುವಿನಿಂದ ಬಂದ ಕಿರಣಗಳು ಮಸೂರವನ್ನು ಹಾಯ್ದು ಒಂದೆಡೆ ಕೂಡುವ ದೂರಕ್ಕೆ ಸಂಗಮದೂರವೆಂದು ಹೆಸರು. ಸಂಗಮದೂರವು ಹೆಚ್ಚಿದಷ್ಟೂ ಬಿಂಬವು ದೊಡ್ಡದಾಗುವುದು. ಆಕಾಶದ ಚಂದ್ರನ ಬಿಂಬವು ಸಂಗಮದೂರದ ಸುಮಾರು 110ರಲ್ಲಿ ಒಂದು ಪಾಲಿನಷ್ಟು ಅಗಲವಾಗಿ ಮೂಡುವುದು. ಎಂದರೆ 55 ಮಿ.ಮೀ. ಮಸೂರದಲ್ಲಿ ಅರ್ಧ ಮಿಲಿಮೀಟರಿನ ಚುಕ್ಕೆ, 550 ಮಿ.ಮೀ. ಮಸೂರದಲ್ಲಿ 5 ಮಿಲಿಮೀಟರಿನ ಬಿಲ್ಲೆ. ಹೀಗಿರಲು ದೊಡ್ಡ ಬಿಂಬವನ್ನು ಬಯಸಿದವನು ಅಷ್ಟೇ ಉದ್ದವಾದ ಪೆಟ್ಟಿಗೆಯನ್ನು ಹೊರಬೇಕಾಗುತ್ತಿತ್ತು. ಈ ಸಂಕಟದಿಂದಲೇ ಟೆಲಿಫೋಟೋ ಮಸೂರದ ಹುಟ್ಟು.

1608ರಲ್ಲಿ ಹಾಲೆಂಡಿನ ಮಿಡಲ್‌ಬರ್ಗಿನ ಕನ್ನಡಕದ ಕಸಬುಗಾರ ಹಾನ್ಸ್ ಲಿಪ್ಪರ್‌ಹೇ ಎಂಬವನು ದುರ್ಬೀನಿಗಾಗಿ ಸರ್ಕಾರಕ್ಕೆ ಹಕ್ಕಿನ ಅರ್ಜಿಯನ್ನು ಸಲ್ಲಿಸಿದನು. ಮೂರು ವರ್ಷಗಳ ತರುವಾಯ, 1611ರಲ್ಲಿ, ಜ್ಯೋತಿರ್ವಿದನಾದ ಕೆಪ್ಲರನು ತನ್ನ ಡಯಾಪ್ಟ್ರೀಸ್ ಎಂಬ ಗ್ರಂಥದಲ್ಲಿ ಮಸೂರಗಳ ನಡತೆಯನ್ನು ಗಣಿತರೀತಿಯಿಂದ ನಿರೂಪಿಸಿದನು. ಮುಂದೆ ಒಂದು ಪೀನ ಮಸೂರವನ್ನೂ ಅದರ ಹಿಂದೆ ಒಂದು ನಿಮ್ನ ಮಸೂರವನ್ನೂ ಇಟ್ಟರೆ, ಕೂಡಲಿರುವ ಕಿರಣಗಳನ್ನು ಎರಡನೆಯದು ಸ್ವಲ್ಪ ಬಿಡಿಸಿ ಬಿಂಬವನ್ನು ಹಿಗ್ಗಿಸುವುದೆಂಬ ತತ್ತ್ವವು ಆ ಕಾಲಕ್ಕಾಗಲೇ ವಿದಿತವಾಗಿತ್ತು. ಆದರೆ ತತ್ತ್ವವು ತಿಳಿದ ಮಾತ್ರಕ್ಕೆ ಪ್ರಯೋಜನವು ಒದಗಲಿಲ್ಲ. ಬಿಂಬವನ್ನು ಹಿಡಿದಿಡುವ ಉಪಾಯವೇ ಆಗ ಇರಲಿಲ್ಲ.

ಆ ಉಪಾಯವು 1839ರಲ್ಲಿ ಫ್ರಾನ್ಸಿನ ಡಾಗೇರನ ವಿಧಾನವು ಪ್ರಕಟವಾದಾಗ ಲೋಕಕ್ಕೆ ದೊರೆಯಿತು. ಮರುವರ್ಷವೇ ವಿಯೆನ್ನದ ಗಣಿತ ಪ್ರಾಧ್ಯಾಪಕ ಜೋಸೆಫ್ ಪೆಟ್ಸ್‌ವಾಲನು ಹೆಚ್ಚು ಬೆಳಕನ್ನು ಸೆಳೆಯುವ ಮಸೂರವನ್ನು ಲೆಕ್ಕಹಾಕಿ ರಚಿಸಿದನು. ಆದರೆ ಅದು ಎದುರಿಗೆ ಕುಳಿತವರ ಮುಖವನ್ನು ಚಿತ್ರಿಸುವುದಕ್ಕಾಗಿ ಹುಟ್ಟಿದ್ದು. ದೂರದ ವಸ್ತುವನ್ನು ಬಯಸುವವರು ಇನ್ನೂ ಅರ್ಧಶತಮಾನ ಕಾಯಬೇಕಾಯಿತು.

1891ರಲ್ಲಿ ಒಂದು ವಿಶೇಷವು ನಡೆಯಿತು. ಲಂಡನ್ನಿನ ಥಾಮಸ್ ರುಡಾಲ್ಫಸ್ ಡಾಲ್‌ಮೇಯರ್, ಜರ್ಮನಿಯ ಅಡಾಲ್ಫ್ ಮೀಥೆ, ಮ್ಯೂನಿಕ್ಕಿನ ಅಡಾಲ್ಫ್ ಸ್ಟೈನ್‌ಹೈಲ್ ಎಂಬ ಮೂವರು ಪ್ರತ್ಯೇಕವಾಗಿ ಒಂದೇ ಕಾಲಕ್ಕೆ ಟೆಲಿಫೋಟೋ ಮಸೂರವನ್ನು ರೂಪಿಸಿದರು. ಇದರ ಗುಣವೇನೆಂದರೆ, ಮಸೂರದ ಕೊಳವೆಯು ಅದರ ಸಂಗಮದೂರಕ್ಕಿಂತ ಗಿಡ್ಡವಾಗಿರುವುದು. ಡಾಲ್‌ಮೇಯರನು 1899ರಲ್ಲಿ ಈ ವಿಷಯವಾಗಿ ಒಂದು ಗ್ರಂಥವನ್ನೇ ಪ್ರಕಟಿಸಿದನು. ಆ ಕಾಲದ ಸಾಧನಗಳಲ್ಲಿ ಪೀನ ನಿಮ್ನಗಳ ನಡುವಣ ಅಂತರವನ್ನು ಬದಲಿಸಿ ಬಿಂಬವನ್ನು ಹಿರಿದು ಕಿರಿದು ಮಾಡಬಹುದಾಗಿತ್ತು. ಆದರೆ ಪ್ರತಿಸಲವೂ ಬಿಂಬವು ಮಸುಕಾಗುತ್ತಿದ್ದುದರಿಂದ ಮತ್ತೆ ಸ್ಫುಟಗೊಳಿಸಬೇಕಾಗುತ್ತಿತ್ತು.

ಇಲ್ಲಿಯೇ ಈ ಮಸೂರಕ್ಕೆ ಅಂಟಿದ ಋಣವು ಮೊದಲು ಕಾಣಿಸಿತು. ಬಿಂಬವು ಎರಡರಷ್ಟು ಹಿಗ್ಗಿದರೆ ಅದೇ ಬೆಳಕು ನಾಲ್ಕರಷ್ಟು ಕ್ಷೇತ್ರದ ಮೇಲೆ ಹರಡಬೇಕು. ಮೂರರಷ್ಟು ಹಿಗ್ಗಿದರೆ ಒಂಬತ್ತರಷ್ಟು. ಆದಕಾರಣ ಚಿತ್ರ ಹಿಡಿಯುವ ಅವಧಿಯೂ ನಾಲ್ಕು, ಒಂಬತ್ತು ಪಟ್ಟು ಬೆಳೆಯುವುದು. ಬೆಟ್ಟಕ್ಕೆ ಅದರಿಂದ ಹಾನಿಯಿಲ್ಲ. ಹಕ್ಕಿಯು ಅಷ್ಟು ಹೊತ್ತು ನಿಲ್ಲುವುದೆಲ್ಲಿ? ಅಂದಿನ ಪ್ರಾಣಿಚಿತ್ರಕಾರರು ಮಸೂರವನ್ನು ನಂಬುವುದಕ್ಕಿಂತ ತಾವೇ ಹತ್ತಿರಕ್ಕೆ ಹೋಗುವ ದಾರಿಯನ್ನು ಹಿಡಿದುದಕ್ಕೆ ಇದು ಮುಖ್ಯ ಕಾರಣವಾಯಿತು. ಇಂಗ್ಲೆಂಡಿನ ರಿಚರ್ಡ್ ಮತ್ತು ಚೆರಿ ಕಿಯರ್ಟನ್ ಸೋದರರು 1895ರಲ್ಲಿ ಹಕ್ಕಿಗಳ ಗೂಡುಗಳ ಬಗ್ಗೆ ಛಾಯಾಚಿತ್ರಸಹಿತವಾದ ಗ್ರಂಥವನ್ನು ಹೊರತಂದರು. ಹಕ್ಕಿಗಳು ಬೆದರದಿರಲೆಂದು ಟೊಳ್ಳಾದ ಕೃತಕ ಎತ್ತನ್ನು ಮಾಡಿಸಿ ಅದರ ಹೊಟ್ಟೆಯೊಳಗೆ ಕ್ಯಾಮೆರಾ ಸಹಿತ ಅಡಗಿ ಕಾದರು. ಭಾರತದಲ್ಲಿ ಅರಣ್ಯಾಧಿಕಾರಿಯಾಗಿದ್ದ ಎಫ್. ಡಬ್ಲ್ಯು. ಚಾಂಪಿಯನ್ ಎಂಬವರು ಕಾಡಿನ ಜಾಡಿಗೆ ತಂತಿಯನ್ನು ಕಟ್ಟಿ, ಹುಲಿಯು ತಾನೇ ಅದನ್ನು ತುಳಿದು ಬೆಳಕು ಹೊತ್ತಿಸಿ ತನ್ನ ಚಿತ್ರವನ್ನು ತೆಗೆದುಕೊಳ್ಳುವಂತೆ ಮಾಡಿದರು; ಆ ಚಿತ್ರಗಳ ಗ್ರಂಥವು 1927ರಲ್ಲಿ ಪ್ರಕಟವಾಯಿತು.

ಇರಲಿ. ಬಿಂಬವನ್ನು ಹಿಗ್ಗಿಸುವಾಗಲೂ ಅದು ಸ್ಫುಟವಾಗಿಯೇ ನಿಲ್ಲಬೇಕೆಂಬ ಬಯಕೆಯಿಂದ ಜೂಮ್ ಮಸೂರವು ಹುಟ್ಟಿತು. ಇದಕ್ಕೆ ಸಂಬಂಧಿಸಿದ ಹಕ್ಕುಪತ್ರವೊಂದನ್ನು ಕ್ಲೈಲ್ ಅಲೆನ್ ಎಂಬವನು 1902ರಲ್ಲಿಯೇ ಅಮೆರಿಕದಲ್ಲಿ ಪಡೆದಿದ್ದನು. ಆದರೆ ಇದನ್ನು ಪೋಷಿಸಿದವರು ಚಲನಚಿತ್ರದವರು. 1932ರಲ್ಲಿ ಬೆಲ್ ಅಂಡ್ ಹೋವೆಲ್ ಸಂಸ್ಥೆಯು 40ರಿಂದ 120 ಮಿ.ಮೀ.ವರೆಗೆ ಬದಲಾಗುವ ಕುಕ್ ವಾರೋ ಎಂಬ ಮಸೂರವನ್ನು ಹೊರತಂದಿತು. ಎರಡನೆಯ ಮಹಾಯುದ್ಧವು ಮುಗಿದ ಮೇಲೆ ಫ್ರಾಂಕ್ ಬ್ಯಾಕ್ ಎಂಬವನ ಜೂಮರ್ ಮಸೂರವು ಅಮೆರಿಕದ ಟೆಲಿವಿಷನ್ನಿನಲ್ಲಿ ಪ್ರಸಿದ್ಧಿಗೆ ಬಂದಿತು. ಫ್ರಾನ್ಸಿನ ಪಿಯೆರ್ ಆಂಜೆನ್ಯೂ 1950ರ ದಶಕದಲ್ಲಿ ಈ ವಿದ್ಯೆಯನ್ನು ಇನ್ನಷ್ಟು ಪರಿಷ್ಕರಿಸಿದನು. ಒಂದು ಮಸೂರಗುಂಪು ಸರಿದು ಬಿಂಬವನ್ನು ಹಿಗ್ಗಿಸಿದರೆ, ಇನ್ನೊಂದು ಗುಂಪು ಬೇರೆ ಗತಿಯಿಂದ ಸರಿದು ಮಸುಕನ್ನು ಸರಿಪಡಿಸುವುದು. ಎರಡೂ ಗತಿಗಳನ್ನು ಕೊಳವೆಯಲ್ಲಿ ಕೊರೆದ ಓರೆಗಾಡಿಗಳು ನಿಯಮಿಸುವುವು.

ಇಷ್ಟು ಗಾಜುಗಳನ್ನು ಕೂಡಿಸುವುದಕ್ಕೆ ಒಂದು ದೊಡ್ಡ ಅಡ್ಡಿಯಿತ್ತು. ಗಾಜಿನ ಪ್ರತಿಯೊಂದು ಮುಖವೂ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಸುಮಾರು 4 ಪಾಲನ್ನು ಹಿಂದಕ್ಕೆ ಪ್ರತಿಫಲಿಸುವುದು. ಅಂಥ 20 ಮುಖಗಳನ್ನು ಹಾಯ್ದ ಬೆಳಕಿನಲ್ಲಿ ನೂರಕ್ಕೆ 44 ಪಾಲು ಮಾತ್ರ ಉಳಿಯುವುದು; ಉಳಿದುದರಲ್ಲಿ ಕೆಲವಂಶ ಒಳಗೇ ಅಲೆದು ಚಿತ್ರವನ್ನು ಬೆಳ್ಳಗೆ ಮಬ್ಬಾಗಿಸುವುದು. 1935ರಲ್ಲಿ ಜರ್ಮನಿಯ ಜೈಸ್ ಸಂಸ್ಥೆಯ ಅಲೆಕ್ಸಾಂಡರ್ ಸ್ಮಾಕುಲನು ಗಾಜಿನ ಮೇಲೆ ಅತಿ ತೆಳುವಾದ ಲೇಪವನ್ನು ಹಚ್ಚಿ ಈ ನಷ್ಟವನ್ನು ತಗ್ಗಿಸುವ ಕ್ರಮವನ್ನು ಕಂಡುಹಿಡಿದನು. ನಷ್ಟವು ಮುಖಕ್ಕೆ 1 ಪಾಲಿಗೆ ಇಳಿದರೆ ಅದೇ 20 ಮುಖಗಳ ತರುವಾಯ 82 ಪಾಲು ಉಳಿಯುವುದು. ಕಣ್ಣಿಗೆ ನೇರಳೆಯ ಛಾಯೆಯಾಗಿ ಮಾತ್ರ ತೋರುವ ಈ ಲೇಪವಿಲ್ಲದಿದ್ದರೆ ಜೂಮ್ ಮಸೂರವು ಎಂದಿಗೂ ಗೃಹಸ್ಥರ ಕೈಗೆ ಬರುತ್ತಿರಲಿಲ್ಲ.

ಸ್ಥಿರಚಿತ್ರದ ಕ್ಯಾಮೆರಾಕ್ಕೆ ಜೂಮ್ ಬಂದುದು 1959ರಲ್ಲಿ. ಆ ವರ್ಷ ಫೋಕ್ಟ್‌ಲೆಂಡರ್ ಸಂಸ್ಥೆಯು 36ರಿಂದ 82 ಮಿ.ಮೀ.ವರೆಗಿನ ಜೂಮರ್ ಮಸೂರವನ್ನೂ, ಜಪಾನಿನ ನಿಕಾನ್ ಸಂಸ್ಥೆಯು 85ರಿಂದ 250 ಮಿ.ಮೀ.ವರೆಗಿನ ಟೆಲಿಫೋಟೋ ಜೂಮನ್ನೂ ಪ್ರಕಟಿಸಿದುವು. ಉದ್ದವಾದ ಮಸೂರಗಳಲ್ಲಿ ಕೆಂಪು ನೀಲಿ ಕಿರಣಗಳು ಒಂದೇ ಎಡೆಯಲ್ಲಿ ಕೂಡದೆ ಅಂಚುಗಳಿಗೆ ಬಣ್ಣ ಬಳಿಯುವ ದೋಷವು ಹೆಚ್ಚು. ಕ್ಯಾನನ್ ಸಂಸ್ಥೆಯು 1969ರಲ್ಲಿ ಕೃತಕವಾಗಿ ಬೆಳೆಸಿದ ಫ್ಲೋರೈಟ್ ಸ್ಫಟಿಕವನ್ನು 300 ಮಿ.ಮೀ. ಮಸೂರದಲ್ಲಿ ಬಳಸಿ ಇದನ್ನು ಬಹುಮಟ್ಟಿಗೆ ಅಡಗಿಸಿತು. 1995ರಲ್ಲಿ ಅದೇ ಸಂಸ್ಥೆಯ 75ರಿಂದ 300 ಮಿ.ಮೀ. ಜೂಮಿನೊಳಗೆ, ಕೈಯ ನಡುಕವನ್ನು ಅರಿತು ಒಂದು ಗಾಜನ್ನು ಎದುರು ದಿಕ್ಕಿಗೆ ಸರಿಸುವ ಯಂತ್ರವು ಸೇರಿತು. ಆದರೆ ಈ ಯಂತ್ರವು ಹಿಡಿದವನ ನಡುಕವನ್ನು ನಿಲ್ಲಿಸೀತೇ ಹೊರತು ಹಾರುವ ಹಕ್ಕಿಯ ರೆಕ್ಕೆಯನ್ನು ನಿಲ್ಲಿಸಲಾರದು. ಅದಕ್ಕೆ ಅಲ್ಪಾವಧಿಯೇ ಬೇಕು. ಅಲ್ಪಾವಧಿಗೆ ಬೆಳಕೇ ಬೇಕು.

ಈ ಚರಿತ್ರೆಯಿಂದ ನಿಷ್ಪನ್ನವಾಗುವ ಅರ್ಥವೇನು? ಮುನ್ನೂರು ವರ್ಷಗಳಿಗೂ ಮಿಕ್ಕ ಬುದ್ಧಿವಂತಿಕೆಯು ಕೊಳವೆಯನ್ನು ಗಿಡ್ಡಮಾಡಿತು, ಬಿಂಬವನ್ನು ಸ್ಫುಟಮಾಡಿತು, ಬಣ್ಣದ ಅಂಚನ್ನು ಅಳಿಸಿತು, ನಡುಕವನ್ನು ತಡೆಯಿತು. ಬೆಳಕಿನ ಋಣವನ್ನು ಮಾತ್ರ ತೀರಿಸಲಿಲ್ಲ. ಸಂಗಮದೂರವನ್ನು ದ್ವಾರದ ಅಗಲದಿಂದ ಭಾಗಿಸಿದಾಗ ಬರುವ ಎಫ್-ಸಂಖ್ಯೆಯು ಮಸೂರದ ಮೇಲೆಯೇ ಬರೆದಿರುತ್ತದೆ. 300 ಮಿ.ಮೀ. ಮಸೂರವು ಎಫ್/5.6 ಆಗಿದ್ದರೆ ಅದಕ್ಕೆ 54 ಮಿ.ಮೀ. ಅಗಲದ ದ್ವಾರ ಸಾಕು, ಎಫ್/2.8 ಆಗಬೇಕಾದರೆ 107 ಮಿ.ಮೀ. ಬೇಕು. ಅಗಲವಾದ ಗಾಜು ದಪ್ಪವಾಗುವುದು, ಭಾರವಾಗುವುದು, ದುಬಾರಿಯಾಗುವುದು. ಕ್ಯಾನನ್ ಸಂಸ್ಥೆಯು ಒಂದೇ ಸಂಗಮದೂರದಲ್ಲಿ, ಎಂದರೆ 70ರಿಂದ 200 ಮಿ.ಮೀ.ವರೆಗೆ, 1995ರಲ್ಲಿ ಮಾಡಿದ ಎಫ್/2.8 ಮಸೂರವು 1310 ಗ್ರಾಂ ತೂಗಿದರೆ, 1999ರಲ್ಲಿ ಮಾಡಿದ ಎಫ್/4 ಮಸೂರವು 705 ಗ್ರಾಂ ಮಾತ್ರ ತೂಗಿತು. ಬೆಳಕನ್ನು ಇಮ್ಮಡಿಸಿಕೊಳ್ಳುವುದಕ್ಕೆ ತೆತ್ತ ಸುಂಕವೇ ಈ ವ್ಯತ್ಯಾಸ.

ಆದ್ದರಿಂದ ಉತ್ತಮವಾದ ಮಸೂರ ಯಾವುದೆಂಬ ಪ್ರಶ್ನೆಯು ಅಪೂರ್ಣವಾದುದು. ಯಾವ ವಸ್ತುವಿಗೆ, ಎಷ್ಟು ದೂರದಿಂದ, ಯಾವ ಬೆಳಕಿನಲ್ಲಿ ಎಂದು ಸೇರಿಸಿ ಕೇಳಿದರೆ ಉತ್ತರವು ತಾನಾಗಿ ದೊರೆಯುತ್ತದೆ. ಶ್ರೀರಂಗಪಟ್ಟಣದ ಬಳಿ ಕಾವೇರಿಯ ನಡುಗಡ್ಡೆಗಳಾದ ರಂಗನತಿಟ್ಟು 1940ರಲ್ಲಿ ಪಕ್ಷಿಧಾಮವಾಯಿತು. ಅಲ್ಲಿ ಗೂಡುಕಟ್ಟುವ ಬಣ್ಣದ ಕೊಕ್ಕರೆಯು ಸುಮಾರು ಒಂದು ಮೀಟರ್ ಎತ್ತರದ ಹಕ್ಕಿ. 30 ಮೀಟರ್ ದೂರದಿಂದ 300 ಮಿ.ಮೀ. ಮಸೂರವು ಅದನ್ನು 10 ಮಿ.ಮೀ. ಬಿಂಬವಾಗಿ ಮೂಡಿಸುವುದು. 24 ಮಿ.ಮೀ. ಎತ್ತರದ ಚೌಕಟ್ಟಿನಲ್ಲಿ ಅದು ಚೆನ್ನಾಗಿಯೇ ತುಂಬುವುದು. ಅದೇ ದೂರದಲ್ಲಿ 15 ಸೆಂ.ಮೀ. ಉದ್ದದ ಚಿಕ್ಕ ಹಕ್ಕಿಯು 1.5 ಮಿ.ಮೀ. ಬಿಂಬವಷ್ಟೆ; 600 ಮಿ.ಮೀ. ಮಸೂರವನ್ನು ಹೊತ್ತು ತಂದರೂ 3 ಮಿ.ಮೀ. ಮೀರದು. ದೊಡ್ಡ ಹಕ್ಕಿ, ಆನೆ, ದೇಗುಲದ ಶಿಖರ, ರಂಗದ ಮೇಲಿನ ನಟ, ಇವಿಷ್ಟೇ ಸಾಕೆಂಬವನಿಗೆ 200 ಅಥವಾ 300 ಮಿ.ಮೀ.ವರೆಗಿನ ಹಗುರವಾದ ಜೂಮು ಧಾರಾಳವಾಗಿ ಸಾಕು. ಅವುಗಳಲ್ಲಿಯೂ ರಾತ್ರಿಯ ರಂಗಕ್ಕೆ ಎಫ್/2.8 ಬೇಕಾದೀತು, ಹಗಲಿನ ಶಿಖರಕ್ಕೆ ಎಫ್/5.6 ಸಾಕು. ಚಿಕ್ಕ ಹಕ್ಕಿಗಳ ಹಂಬಲವುಳ್ಳವನು ಮಾತ್ರ 400, 600 ಮಿ.ಮೀ.ಗಳ ಭಾರಕ್ಕೆ ಹೆಗಲು ಕೊಡಬೇಕು.

ಕಮ್ಮಾರನು ಮೊದಲು ಸೂಜಿಯನ್ನು ಮಾಡಿಕೊಟ್ಟು ಆಮೇಲೆ ಕಡಾಯಿಗೆ ಕೈ ಹಚ್ಚಬೇಕೆಂಬ ಸೂಚೀಕಟಾಹನ್ಯಾಯವು ಇಲ್ಲಿಯೂ ಸಲ್ಲುತ್ತದೆ. ಹಗುರವಾದುದನ್ನು ಕೊಂಡು ಒಂದೆರಡು ಋತುಗಳು ಬಳಸಿದವನಿಗೆ, ತನ್ನ ಚಿತ್ರಗಳೇ ಯಾವುದರ ಕೊರತೆಯಿದೆಯೆಂದು ಹೇಳುವುವು. ಕೈಬದಲಾದ ಮಸೂರವನ್ನು ಕೊಳ್ಳುವವನು ಅದನ್ನು ಬೆಳಕಿಗೆ ಹಿಡಿದು ನೋಡಬೇಕು. ಮಲೆನಾಡಿನ ಮತ್ತು ಕರಾವಳಿಯ ಮಳೆಗಾಲದ ತೇವಕ್ಕೆ ಗಾಜಿನ ಮೇಲೆ ಜೇಡರ ಬಲೆಯಂತೆ ಬೂಷ್ಟು ಹಬ್ಬಿ ಲೇಪವನ್ನೇ ತಿನ್ನುವುದುಂಟು.

ಕರ್ನಾಟಕದಲ್ಲಿ ಸಂಡೂರಿನ ಎಂ. ವೈ. ಘೋರ್ಪಡೆ (1931–2011), ಬೆಂಗಳೂರಿನ ಟಿ. ಎನ್. ಎ. ಪೆರುಮಾಳ್ (1932–2017), ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿ (1938–2007) ಮೊದಲಾದವರು ವನ್ಯಜೀವಿಗಳ ಚಿತ್ರಣದಲ್ಲಿ ಖ್ಯಾತರಾದರು. ಒಂದೊಂದು ಚಿತ್ರಕ್ಕೂ ಫಿಲ್ಮಿನ ವೆಚ್ಚವಿದ್ದ ದಿನಗಳಲ್ಲಿ ಅವರು ದುಡಿದರು. ಹಕ್ಕಿ ಎಲ್ಲಿ ಕೂರುವುದು, ಯಾವ ಹೊತ್ತಿಗೆ ಬರುವುದು ಎಂಬ ಅರಿವೇ ಅಂದು ಮುಖ್ಯ ಬಂಡವಾಳವಾಗಿತ್ತು.

ಈ ಅರಿವಿಗೂ ಮಸೂರದ ಉದ್ದಕ್ಕೂ ಒಂದು ಧರ್ಮದ ಸಂಬಂಧವಿದೆ. 20 ಮೀಟರಿನಲ್ಲಿರುವ ಹಕ್ಕಿಯನ್ನು 10 ಮೀಟರಿಗೆ ಸಮೀಪಿಸಿದವನಿಗೆ ಅವನ 400 ಮಿ.ಮೀ. ಮಸೂರವೇ 800 ಮಿ.ಮೀ. ಆಗುವುದು, ಹಣವೂ ಉಳಿಯಿತು, ನಡುವಣ ಬಿಸಿಗಾಳಿಯ ಅಲುಗಾಟವೂ ತಗ್ಗಿತು. ಆದರೆ ಗೂಡಿನಲ್ಲಿ ಕುಳಿತ ತಾಯಿಗೆ ಆ ಹತ್ತು ಮೀಟರುಗಳೇ ಪ್ರಾಣಭಯವಾಗಬಹುದು. ಅದು ಎದ್ದು ಹಾರಿಹೋದರೆ ಮೊಟ್ಟೆಗಳು ಬಿಸಿಲಿಗೂ ಕಾಗೆಗೂ ಒಡ್ಡಿಕೊಳ್ಳುವುವು. ತಾಳ್ಮೆಯಿಂದ ಮರೆಯಲ್ಲಿ ಕಾದು, ಹಕ್ಕಿಯೇ ಹತ್ತಿರ ಬರುವಂತೆ ಮಾಡಿಕೊಳ್ಳಬಲ್ಲವನು ಗಿಡ್ಡ ಮಸೂರದಿಂದಲೂ ಗೆಲ್ಲಬಹುದು. ಅಷ್ಟು ವ್ಯವಧಾನವಿಲ್ಲದವನು ಉದ್ದ ಮಸೂರದ ಬೆಲೆಯನ್ನೂ ಭಾರವನ್ನೂ ತಾನೇ ಹೊರುವುದು ನ್ಯಾಯ. ಆ ಬೆಲೆಯನ್ನು ಗೂಡಿನ ಮರಿಗಳಿಂದ ತೆರಿಸುವುದು ನ್ಯಾಯವಲ್ಲ. ಕೊಳ್ಳುವವನು ಸಂಗಮದೂರದ ಲೆಕ್ಕವನ್ನು ಹಾಕುವಾಗ ಈ ಹತ್ತು ಮೀಟರುಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದು ಉಚಿತ.