ಉನ್ನತ ಶಿಕ್ಷಣದಲ್ಲಿ ಗುಣಮಟ್ಟ ನಿರ್ವಹಣೆ

ವಿಶ್ವವಿದ್ಯಾಲಯಗಳೂ ಕಾಲೇಜುಗಳೂ ತಮ್ಮ ಬೋಧನೆ, ಪರೀಕ್ಷೆ, ಸಂಶೋಧನೆ, ಆಡಳಿತಗಳನ್ನು ತಾವೇ ಪರಾಮರ್ಶಿಸಿ, ಕಂಡುಬಂದ ನ್ಯೂನತೆಗಳನ್ನು ಕ್ರಮವಾಗಿ ನಿವಾರಿಸಿಕೊಳ್ಳುವ ವ್ಯವಸ್ಥೆ. ಈ ಪರಾಮರ್ಶೆ ಅಧ್ಯಾಪಕವೃಂದದ ನಿತ್ಯಾಚಾರವಾಗಿ ನೆಲೆಗೊಂಡಾಗ ಗುಣಮಟ್ಟದ ಸಂಸ್ಕೃತಿಯೆನಿಸುತ್ತದೆ.

ಹಿನ್ನೆಲೆ: 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಆಶಯಕ್ಕನುಗುಣವಾಗಿ ವಿಶ್ವವಿದ್ಯಾಲಯ ಧನಸಹಾಯ ಆಯೋಗವು 1994ರಲ್ಲಿ ರಾಷ್ಟ್ರೀಯ ಮೌಲ್ಯಮಾಪನ ಮತ್ತು ಮಾನ್ಯತಾ ಮಂಡಳಿಯನ್ನು ಸ್ಥಾಪಿಸಿತು. ನ್ಯಾಕ್ ಎಂದೇ ಪರಿಚಿತವಾದ ಇದರ ಕೇಂದ್ರ ಕಚೇರಿ ಬೆಂಗಳೂರಿನ ನಾಗರಬಾವಿಯಲ್ಲಿದೆ. ಮಾನ್ಯತೆ ಪಡೆದ ಪ್ರತಿಯೊಂದು ಸಂಸ್ಥೆಯೂ ಆಂತರಿಕ ಗುಣಮಟ್ಟ ಭರವಸಾ ಕೋಶವನ್ನು, ಅಂದರೆ ಐಕ್ಯೂಎಸಿಯನ್ನು ನಡೆಸಿ, ವರ್ಷಕ್ಕೊಮ್ಮೆ ವರದಿ ಸಲ್ಲಿಸತಕ್ಕದ್ದು.

ಮಾನದಂಡಗಳು: 2017ರ ಪರಿಷ್ಕೃತ ಚೌಕಟ್ಟಿನಲ್ಲಿ ಮಾನದಂಡಗಳು ಏಳು: ಪಠ್ಯಕ್ರಮ; ಬೋಧನೆ, ಕಲಿಕೆ ಮತ್ತು ಮೌಲ್ಯಮಾಪನ; ಸಂಶೋಧನೆ ಮತ್ತು ವಿಸ್ತರಣೆ; ಮೂಲಸೌಕರ್ಯ; ವಿದ್ಯಾರ್ಥಿಗಳಿಗೆ ನೆರವು; ಆಡಳಿತ; ಸಾಂಸ್ಥಿಕ ಮೌಲ್ಯಗಳು. ಒಟ್ಟು ಸಾವಿರ ಅಂಕಗಳಲ್ಲಿ ವಿಶ್ವವಿದ್ಯಾಲಯಕ್ಕೆ ಸಂಶೋಧನೆಯೇ 250 ಅಂಕಗಳಿಂದ ಪ್ರಧಾನವಾದರೆ, ಸಂಯೋಜಿತ ಕಾಲೇಜಿಗೆ ಬೋಧನೆ, ಕಲಿಕೆ ಮತ್ತು ಮೌಲ್ಯಮಾಪನಕ್ಕೇ 350 ಅಂಕಗಳು ಮೀಸಲು. ಈ ಹಂಚಿಕೆ ವಿವೇಕಯುತವಾದುದು. ಏಕೆಂದರೆ ಪಠ್ಯಕ್ರಮವನ್ನೂ ಅಂತಿಮ ಪರೀಕ್ಷೆಯನ್ನೂ ವಿಶ್ವವಿದ್ಯಾಲಯವೇ ನಿರ್ಣಯಿಸುವಲ್ಲಿ, ಸಂಯೋಜಿತ ಕಾಲೇಜಿಗೆ ಪೂರ್ಣ ಸ್ವಾಧೀನದಲ್ಲಿರುವುದು ತನ್ನ ತರಗತಿಯೊಂದೇ. ಎಲ್ಲ ಮಾನದಂಡಗಳ ಅಂಕಗಳಿಂದ ನಾಲ್ಕು ಅಂಶಗಳ ಮಾಪಕದಲ್ಲಿ ಲೆಕ್ಕಹಾಕಿದ ಸರಾಸರಿ 3.51 ಅಥವಾ ಅದಕ್ಕೆ ಮೇಲ್ಪಟ್ಟಿದ್ದರೆ ಎ++ ಶ್ರೇಣಿ, 1.50 ಅಥವಾ ಅದಕ್ಕಿಂತ ಕಡಿಮೆಯಾದರೆ ಮಾನ್ಯತೆಯಿಲ್ಲ.

ಗ್ರಾಮಾಂತರದ ಸಂದರ್ಭ: ಬೆಂಗಳೂರು ಗ್ರಾಮಾಂತರ ಜಿಲ್ಲೆಯ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲಗಳ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಂಥ ಸಂಸ್ಥೆಗಳಲ್ಲಿ ಗುಣಮಟ್ಟದ ಪ್ರಶ್ನೆ ಅತ್ಯಂತ ಮೂರ್ತವಾದುದು. ಕಿರುಪರೀಕ್ಷೆಯ ಉತ್ತರಪತ್ರಿಕೆಗಳಲ್ಲಿ ಬಹುಮಂದಿ ಒಂದೇ ಪ್ರಶ್ನೆಯಲ್ಲಿ ಎಡವಿದುದನ್ನು ಅಧ್ಯಾಪಕರು ಗುರುತಿಸಿ, ವಿಭಾಗದ ಸಭೆಯಲ್ಲಿ ಚರ್ಚಿಸಿ, ನಡವಳಿ ಪುಸ್ತಕದಲ್ಲಿ ಬರೆದು, ಆ ಭಾಗವನ್ನು ಪುನಃ ಬೋಧಿಸಿ, ಮುಂದಿನ ಪರೀಕ್ಷೆಯಲ್ಲಿ ಅದನ್ನೇ ಬೇರೊಂದು ರೂಪದಲ್ಲಿ ಕೇಳಿ ನೋಡಿದಾಗ ಪರಾಮರ್ಶೆಯ ಒಂದು ಆವರ್ತನ ಪೂರ್ಣವಾಗುತ್ತದೆ. ಅತಿಥಿ ಉಪನ್ಯಾಸಕರು ಬದಲಾಗುತ್ತಿರುವೆಡೆ ಆ ನಡವಳಿಯೇ ಮುಂದೆ ಬರುವವರಿಗೆ ಆಧಾರ. ಪರಿಹಾರ ಬೋಧನೆಯ ತರಗತಿಯನ್ನು ಸಂಜೆಗೆ ಇಟ್ಟರೆ ಹಳ್ಳಿಯ ಬಸ್ಸು ಹಿಡಿಯಬೇಕಾದ ವಿದ್ಯಾರ್ಥಿಯೇ ಅದರಿಂದ ವಂಚಿತನಾಗುವನಾದುದರಿಂದ, ವೇಳಾಪಟ್ಟಿಯ ರಚನೆಯೂ ಗುಣಮಟ್ಟದ ಅಂಗವೆಂದು ಭಾವಿಸತಕ್ಕದ್ದು.

ಇತ್ತೀಚಿನ ಸುಧಾರಣೆ: ಶ್ರೇಣಿಗಳ ಬದಲಿಗೆ ಮಾನ್ಯತೆ ಉಂಟು ಅಥವಾ ಇಲ್ಲ ಎಂಬ ದ್ವಿವಿಧ ಪದ್ಧತಿಯನ್ನು ತರುವ ನಿರ್ಧಾರ 2024ರಲ್ಲಿ ಪ್ರಕಟವಾಯಿತು. ಪದ್ಧತಿ ಯಾವುದೇ ಆಗಲಿ, ಮಾನ್ಯತೆಯ ಪರಿಶೀಲನೆಗೆ ತಜ್ಞರ ತಂಡ ಬರುವ ವರ್ಷದಲ್ಲಿ ಮಾತ್ರ ಕಡತಗಳನ್ನು ಸಜ್ಜುಗೊಳಿಸುವ ಸಂಸ್ಥೆಗಿಂತ, ಪ್ರತಿ ಸೆಮಿಸ್ಟರಿನಲ್ಲಿಯೂ ತನ್ನ ವಿದ್ಯಾರ್ಥಿಗಳ ಕಲಿಕೆಯನ್ನು ಅಳೆದು ತಿದ್ದಿಕೊಳ್ಳುವ ಸಂಸ್ಥೆಯೇ ಗುಣಮಟ್ಟದ ಸಂಸ್ಕೃತಿಯನ್ನು ಪಡೆದುದೆಂದು ಹೇಳಬಹುದು.